ಮೊದಲ ಹದಿನೈದು ನಿಮಿಷ

"ಮೂರು ಗಂಟೆಗೆ ಪರೀಕ್ಷೆ ಇಟ್ಕೊಂಡು ಇಲ್ಲಿ ಕುರ್ಚಿ ಜೋಡಿಸ್ತಾ ಇದ್ದೀಯಲ್ಲಮ್ಮ, ತಲೆ ನೆಟ್ಟಗಿದೆಯಾ ನಿಂಗೆ?"

ಬಸ್ ಡ್ರೈವರ್ ಗದರಿದ. ಆಯಾ ಇನ್ನೊಂದು ಕುರ್ಚಿ ಬಿಡಿಸಿದಳು. ಆಸ್ಪತ್ರೆಯ ಬೆಳಗಿನ ಪಾಳಿ ಮುಗಿಸಿ ನೇರ ಮೇಷ್ಟ್ರ ಮನೆಗೆ ಬಂದಿದ್ದಳು. ಬಟ್ಟೆಯಿಂದ ಫಿನಾಯಿಲ್ ವಾಸನೆ ಇನ್ನೂ ಹೋಗಿರಲಿಲ್ಲ. ಒಳಕೋಣೆಯಲ್ಲಿ ಮೇಷ್ಟ್ರನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು.

"ಹೆಗಲು ಕೊಡೋಕೆ ಆರು ಜನ ಬೇಕು. ನನ್ನೂ ಸೇರಿಸಿದ್ರೇನೇ ಆರು. ಉಳಿದೋರಿಗೆ ರಜೆ ಸಿಕ್ಕಿಲ್ಲ."

"ಯಾರಾದ್ರೂ ಬರ್ತಾರೆ ಬಿಡು."

"ಇಪ್ಪತ್ತು ವರ್ಷ ಸಂಜೆಸಂಜೆ ಕೂತು ನಮ್ಮಂಥೋರಿಗೆ ಇಂಗ್ಲಿಷ್ ಕಲಿಸಿದೋರಿಗೆ 'ಯಾರಾದ್ರೂ' ಸಾಕಾ?"

ಮೇಷ್ಟ್ರ ಮಗಳು ಹೊರಗೆ ಬಂದಳು. ಅತ್ತು ಮುಗಿದ ಮುಖ. "ಒಂದು ಕೇಳ್ಲಾ? ತಪಾಸಣೆಗೆ ಬಂದ ಅಧಿಕಾರಿ, ಕ್ಲಾಸಿಗೆ ಕ್ಲಾಸೇ ಮಲಗಿತ್ತು ಅಂತ ಬರೆದಿದ್ರು. ಅಪ್ಪ ನಿಮಗೆ ನಿಜವಾಗ್ಲೂ ಏನಾದ್ರೂ ಕಲಿಸಿದ್ರಾ?"

ನೀರಿನ ಲೋಟ ಹಂಚುತ್ತಿದ್ದ ಕ್ಯಾಂಟೀನಿನವನು ನಿಂತ. "ಮಲಗಿದ್ದು ನಿಜ ಕಣಮ್ಮ. ದಿನವಿಡೀ ದುಡಿದು ಬರ್ತಿದ್ವಲ್ಲ, ಮೊದಲ ಹದಿನೈದು ನಿಮಿಷ ನಿದ್ದೆ. ಆಮೇಲೆ ಪಾಠ. ಸಾಹೇಬರು ಎಂಟನೇ ನಿಮಿಷಕ್ಕೆ ಬಂದ್ರು. ನನ್ನ ಗೊರಕೆ ಮೆಟ್ಟಿಲಿಗೇ ಕೇಳ್ತಿತ್ತಂತೆ. ಮೇಷ್ಟ್ರು ಬಾಯ್ಮೇಲೆ ಬೆರಳಿಟ್ಟು, ಇನ್ನೇಳು ನಿಮಿಷ ಕೂತ್ಕೊಳಿ ಅಂದ್ರು."

"ಕೂತ್ರಾ?"

"ಕೂತ್ರು. ಅವರಿಗೂ ಜೊಂಪು ಹತ್ತಿತು. ಅದೊಂದನ್ನ ಮಾತ್ರ ಬರೀಲಿಲ್ಲ."

ಮಗಳ ತುಟಿಯವರೆಗೆ ಬಂದ ನಗು ಅಲ್ಲೇ ನಿಂತಿತು.

*

ಇಂಗ್ಲಿಷ್ ಮೌಖಿಕ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದ ವಾರ, ಪುಸ್ತಕ ವಾಪಸು ಕೊಟ್ಟು ಕೈತೊಳೆದುಕೊಳ್ಳೋಣವೆಂದೇ ಆಯಾ ಕ್ಲಾಸಿಗೆ ಹೋಗಿದ್ದಳು. ಎಲ್ಲರೂ ಮೇಜಿಗೆ ತಲೆಯಿಟ್ಟಿದ್ದರು. ಎಚ್ಚರವಿದ್ದವರು ಮೇಷ್ಟ್ರು ಒಬ್ಬರೇ.

"ನನ್ನ ಕೈಲಾಗಲ್ಲ ಮೇಷ್ಟ್ರೇ. ನಾಲ್ಕು ಜನ ಎದುರಿಗೆ ಕೂತು ಪ್ರಶ್ನೆ ಕೇಳಿದ್ರೆ ಬಾಯಿ ಒಣಗುತ್ತೆ."

"ಆಗ್ಲಿ. ನಿದ್ದೆ ಮಾಡಿ ಎದ್ದು ಹೇಳು," ಎಂದು ಪಿಸುಗುಟ್ಟಿ, ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು.

ಅವಳು ಎದ್ದಾಗ ಪಾಠವೇ ಮುಗಿದಿತ್ತು, ಯಾರೂ ಎಬ್ಬಿಸಿರಲಿಲ್ಲ. ಬೀಗ ಹಿಡಿದು ಕಾದಿದ್ದ ಮೇಷ್ಟ್ರು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಮಾತು, ಇವತ್ತು ಎಷ್ಟು ಮಹಡಿ ಒರೆಸಿದೆ ಅಂತ. ಅವಳೂ ಇಂಗ್ಲಿಷಿನಲ್ಲೇ ಹೇಳಿದಳು: ಐದು. ನಾಲ್ಕನೆಯದರಲ್ಲಿ ಯಾರೋ ಔಷಧಿ ಚೆಲ್ಲಿದ್ದು, ಅದಕ್ಕೆ ನರ್ಸ್ ತನ್ನನ್ನು ಬೈದದ್ದು, ತಾನು ಸುಮ್ಮನಿದ್ದದ್ದು. ತಪ್ಪೋ ಒಪ್ಪೋ, ಬೀದಿಯ ತುದಿಯವರೆಗೂ ಹೇಳುತ್ತಲೇ ನಡೆದಳು. ಪುಸ್ತಕ ಚೀಲದಲ್ಲೇ ಉಳಿಯಿತು.

*

"ಎರಡೂ ಹತ್ತಾಯ್ತು," ಎಂದ ಡ್ರೈವರ್. "ಎರಡೂಕಾಲಿನ ಬಸ್ಸು ಹೋದ್ರೆ ಮುಗೀತು. ಇದು ಮೂರನೇ ಸಲ, ಇನ್ನು ಕೂರಿಸಲ್ಲ. ಆಸ್ಪತ್ರೆ ದಾಖಲೆ ಮೇಜಿನ ಕೆಲಸ ಬೇರೆಯೋರ ಪಾಲು. ನೀನು ಸಾಯೋತನಕ ನೆಲ ಒರೆಸ್ಕೊಂಡಿರು."

"ಒರೆಸ್ತೀನಿ. ನಂಗೇನು ಹೊಸದಾ?"

"ಭಯ ಅಂತ ಬಾಯ್ಬಿಟ್ಟು ಹೇಳು. ಮೇಷ್ಟ್ರ ಹೆಣದ ಹಿಂದೆ ಬಚ್ಚಿಟ್ಕೋಬೇಡ."

ಆಯಾ ತಾನೇ ಬಿಡಿಸಿಟ್ಟ ಕುರ್ಚಿಯಲ್ಲಿ ಕುಸಿದಳು. "ಹೂಂ, ಭಯಾನೇ. ಸುಸ್ತೂ ಆಗಿದೆ ಕಣಣ್ಣ."

ಮಗಳು ಹತ್ತಿರ ಬಂದಳು. "ಅಪ್ಪನ ಕ್ಯಾಲೆಂಡರಲ್ಲಿ ಇವತ್ತಿನ ಚೌಕದಲ್ಲಿ 'ಮೂರು ಗಂಟೆ' ಅಂತ ಕೆಂಪಲ್ಲಿ ಬರೆದಿದೆ. ಡಾಕ್ಟರ ಹತ್ರ ಹೋಗೋದಿತ್ತೇನೋ ಅಂದ್ಕೊಂಡಿದ್ದೆ. ಅದು ನೀವಾ?"

ಆಯಾ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಏಳಿ. ಹೊರಡಿ."

"ಹೆಗಲಿಗೆ?"

"ನಾನಿದ್ದೀನಲ್ಲ."

ಆಯಾ ಬಸ್ ಸ್ಟಾಪಿನತ್ತ ಓಡಿದಳು. ಪೆಟ್ಟಿಗೆ ಎತ್ತಿದಾಗ ಮಗಳ ಕಡೆ ವಾಲಿತು. ಐದೂ ಜನ ಅವಳಿಗಿಂತ ಎತ್ತರ. ಡ್ರೈವರ್ ಮೊಣಕಾಲು ಬಗ್ಗಿಸಿದ. ಅವನನ್ನು ನೋಡಿ ಕ್ಯಾಂಟೀನಿನವನು, ಆಮೇಲೆ ಉಳಿದವರು. ಪೆಟ್ಟಿಗೆ ಸಮಕ್ಕೆ ಬಂತು. ಹಾಗೆಯೇ, ಬಗ್ಗಿಕೊಂಡೇ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಾಗಿಲು ದಾಟಿದರು.