ಏಳನೆಯವನು

ಬಂಡಿಯ ಚಕ್ರ ಕಲ್ಲಿಗೆ ತಾಗಿದಾಗಲೆಲ್ಲ ಶವಪೆಟ್ಟಿಗೆಯ ಒಳಗಿಂದ ಗೆಜ್ಜೆಯ ಸದ್ದು ಬರುತ್ತಿತ್ತು. ಹಿಂದೆ ನಡೆಯುತ್ತಿದ್ದ ಹೆಂಗಸರು ಪ್ರತಿ ಸಲವೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಓನಿಸಿಫೋರ್ ಮುದುಕನ ಕಾಲಿನ ಗೆಜ್ಜೆಯನ್ನು ಯಾರೂ ಬಿಚ್ಚಿರಲಿಲ್ಲ, ಬಿಚ್ಚುವಂತೆಯೂ ಇರಲಿಲ್ಲ. ಡ್ಯಾನ್ಯೂಬ್ ದಂಡೆಯ ಈ ಊರಲ್ಲಿ, ರುಸಾಲಿ ಹಬ್ಬದ ವಾರ, ರೋಗ ಕಳೆಯುವ ಕಲುಶ್ ಕುಣಿತದವರು ಬಾವುಟದ ಕೆಳಗೆ ಆಣೆಯಿಟ್ಟು ಗೆಜ್ಜೆ ಕಟ್ಟುತ್ತಾರೆ. ಬಾವುಟ ಇಳಿಯುವ ತನಕ ಆ ಆಣೆ ಅವರ ಮೈಮೇಲಿರುತ್ತದೆ. ನಲವತ್ತು ವರ್ಷ ಕುಣಿತದ ಮುಂದಾಳಾಗಿದ್ದ ಓನಿಸಿಫೋರ್, ಹಬ್ಬದ ಮೂರನೆಯ ದಿನ ಯಾರದೋ ಅಂಗಳದಲ್ಲಿ ಕುಣಿದು ಮುಗಿಸಿ, ಬೆಂಚಿನ ಮೇಲೆ ಕೂತು ನೀರು ಕೇಳಿದ. ನೀರು ಬರುವುದರೊಳಗೆ ಹೋಗಿಬಿಟ್ಟಿದ್ದ. ಬಾವುಟ ಮಾತ್ರ ನಿಂತೇ ಇತ್ತು.

ಅದನ್ನು ಇಳಿಸುವ ಭಾರ ಈಗ ಸಾಲಿನ ಎರಡನೆಯವನಾದ ಇಲಾರಿಯೋನನ ಮೇಲೆ ಬಿದ್ದಿತ್ತು. ಮುಂದಾಳಿನ ಮೇಲೆ ಮಣ್ಣು ಬೀಳುವ ಮೊದಲು ಬಾವುಟ ಇಳಿಯಬೇಕು. ಇಲ್ಲವಾದರೆ ಆಣೆ ಬಿಚ್ಚುವ ಅವನ ಕೈ ಮಣ್ಣಿಗೆ ಹೋಗಿ, ಆಣೆ ಉಳಿದವರ ಮೈಯಲ್ಲೇ ನಿಂತು ಕೈಕಾಲು ಹಿಡಿಯುತ್ತದೆ. ಇಳಿಸುವವರು ಬೆಸ ಸಂಖ್ಯೆಯಲ್ಲಿರಬೇಕು. ಏಳು ಜನರಿದ್ದರು, ಈಗ ಆರು.

ಬೆಳಗಿನಿಂದ ಊರಿಗೆ ಊರೇ ಇದನ್ನು ಚರ್ಚಿಸಿತ್ತು. ಒಬ್ಬನನ್ನು ಬಿಟ್ಟು ಐದು ಮಾಡಿ ಎಂದರು ಕೆಲವರು. ಹಾಗಾದರೆ ಹೊರಗುಳಿದವನ ಗತಿಯೇನು ಎಂದು ಉಳಿದವರು ಕೇಳಿದರು. ಹೊಸಬನನ್ನು ಸೇರಿಸುವ ಅಧಿಕಾರ ಸತ್ತವನಿಗಲ್ಲದೆ ಬೇರೆ ಯಾರಿಗೂ ಇರಲಿಲ್ಲ.

ಹತ್ತೊಂಬತ್ತರ ಕೊಸ್ತಾಕೆ ಆ ಆರು ಜನರಲ್ಲಿ ಎಲ್ಲರಿಗಿಂತ ಕಿರಿಯವನು. ಬಂಡಿಯ ಪಕ್ಕದಲ್ಲಿ ನಡೆಯುತ್ತ ಅವನು ಮೆಲ್ಲಗೆ ಹೇಳಿದ: "ಇಲಾರಿಯೋನಣ್ಣ, ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ."

"ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಅದಕ್ಕೆ."

ಹೇಳಿದವನಿಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ.

ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಬಾವುಟವನ್ನು ತಡೆದರು. ಬೆಳ್ಳುಳ್ಳಿ, ಮಾಚಿಪತ್ರೆ ಕಟ್ಟಿದ ಕಂಬವನ್ನು ದೇವರ ಮನೆಯೊಳಗೆ ಅವರು ಎಂದೂ ಬಿಟ್ಟವರಲ್ಲ. ಕುಣಿತದವರು ಅದನ್ನು ಹೊರಗಿನ ಹೊಲದಲ್ಲಿ ನೆಟ್ಟರು. ಆಮೇಲೆ ಪಾದ್ರಿಗಳೇ ಇಲಾರಿಯೋನನ ಕಿವಿಯ ಹತ್ತಿರ ಬಂದರು. "ನಿಮ್ಮ ಈ ಆಣೆಗೀಣೆ ನನಗೆ ಹಿಡಿಸೋದಿಲ್ಲ, ನಿಂಗೆ ಗೊತ್ತು. ಆದ್ರೆ ನನಗೂ ವಯಸ್ಸಾಯ್ತು, ಪ್ರಾರ್ಥನೆ ನಿಧಾನವಾಗೇ ಆಗುತ್ತೆ. ಅಷ್ಟರಲ್ಲಿ ಮುಗಿಸ್ಕೊ."

ಸತ್ತವನ ಹೆಂಡತಿ ಎವ್ದೋಕಿಯ ಇಲಾರಿಯೋನನ ಹತ್ತಿರ ಬಂದಳು. ಅವನನ್ನು ಕೇಳಿದಳು: "ಇನ್ನೊಬ್ಬ ಇದ್ದಾನಲ್ಲಪ್ಪ. ಅವನ ಆಣೇನ ಯಾರು ಬಿಚ್ಚಿದ್ರು?"

ಎಲ್ಲರ ಕಣ್ಣೂ ಬೇಲಿಯಾಚೆಯ ಹಿಪ್ಪುನೇರಳೆ ಮರದತ್ತ ಹೋಯಿತು. ಅವಳು ಯಾರ ವಿಷಯ ಹೇಳುತ್ತಿದ್ದಾಳೆಂದು ಎಲ್ಲರಿಗೂ ತಿಳಿದಿತ್ತು.

* * *

ಓನಿಸಿಫೋರ್ ಹಿಟ್ಟಿನ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ ಮಾಡಿಕೊಂಡಿದ್ದ. ಈಸ್ಟರಿನಿಂದ ರುಸಾಲಿಯವರೆಗೆ ಪ್ರತಿ ಭಾನುವಾರ, ಆರಾಧನೆ ಮುಗಿದ ಮೇಲೆ, ಗಿರಣಿಯ ಹಿಂದಿನ ಅಂಗಳದಲ್ಲಿ ಹುಡುಗರಿಗೆ ಕಲಿಸುತ್ತಿದ್ದ. ಮೊದಲ ವರ್ಷ ಯಾರನ್ನೂ ನೆಗೆಯಲು ಬಿಡುತ್ತಿರಲಿಲ್ಲ. ಸಾಲಿನಲ್ಲಿ ನಿಲ್ಲುವುದು, ಪಕ್ಕದವನ ಉಸಿರು ಕೇಳುವುದು, ಉಳಿದವರಿಗೆ ನೀರು ತಂದುಕೊಡುವುದು, ಇಷ್ಟೇ. ಹೆಜ್ಜೆ ತಪ್ಪಿದವನು ತಾನೇ ಹೇಳಬೇಕು. ಇನ್ನೊಬ್ಬ ಅವನತ್ತ ಬೆರಳು ತೋರಿಸಕೂಡದು.

"ಹೆದರಿಕೆ ಆದ್ರೂ ಹೇಳ್ರೋ," ಎನ್ನುತ್ತಿದ್ದ. "ಹೆದರೋದು ತಪ್ಪಲ್ಲ. ಹೆದರಿ ಸುಮ್ಮನಿದ್ರೆ ಪಕ್ಕದವನು ಬೀಳ್ತಾನೆ."

ಅವನು ಕಲಿಸಿದವರಲ್ಲೆಲ್ಲ ಪಾಂತೆಲಿಮೋನನಂತೆ ಕುಣಿದವರಿಲ್ಲ. ಹನ್ನೊಂದು ವರ್ಷದ ಹಿಂದಿನ ರುಸಾಲಿಯಲ್ಲಿ ಜ್ವರ ಹಿಡಿದ ಹೆಂಗಸೊಬ್ಬಳನ್ನು ಚಾಪೆಯ ಮೇಲೆ ಮಲಗಿಸಿ ಅವಳ ಸುತ್ತ ಕುಣಿಯುತ್ತಿದ್ದರು. ಮುಂದಾಳು ಬಾವುಟದಿಂದ ಯಾರನ್ನು ಮುಟ್ಟುತ್ತಾನೋ ಅವನು ನೆಲಕ್ಕೆ ಬೀಳಬೇಕು, ರೋಗವನ್ನು ಕೆಲ ಕಾಲ ತನ್ನ ಮೇಲೆ ತೆಗೆದುಕೊಳ್ಳಬೇಕು. ಬಾವುಟ ಪಾಂತೆಲಿಮೋನನ ಹೆಗಲನ್ನು ಮುಟ್ಟಿತು. ಅವನ ಹೆಂಡತಿಗೆ ಆಗ ಒಂಬತ್ತು ತಿಂಗಳು. ಅವನು ಸಾಲು ಮುರಿದು ಬೇಲಿ ಹಾರಿ ಓಡಿದ.

ಓನಿಸಿಫೋರ್ ಬಾವುಟವನ್ನು ಇಲಾರಿಯೋನನ ಕೈಗೆ ಕೊಟ್ಟು ತಾನೇ ಚಾಪೆಯ ಪಕ್ಕದಲ್ಲಿ ಮಲಗಿದ. ಹೆಂಗಸು ಎರಡು ದಿನಕ್ಕೆ ಎದ್ದು ಕೂತಳು. ಓನಿಸಿಫೋರ್ ಏಳುವ ಹೊತ್ತಿಗೆ ದ್ರಾಕ್ಷಿ ಕೊಯ್ಲು ಬಂದಿತ್ತು.

ಆ ಸಲ ಬಾವುಟ ಇಳಿಸುವಾಗ ಪಾಂತೆಲಿಮೋನ್ ಬರಲಿಲ್ಲ. ಅದೇ ವರ್ಷ ಹುಲ್ಲಿನ ಗಾಡಿಯಿಂದ ಬಿದ್ದು ಅವನ ಸೊಂಟ ಮುರಿಯಿತು, ಒಂದು ಕಾಲು ಗಿಡ್ಡವಾಯಿತು. ಆಣೆ ಹಿಡಿಯಿತು ಎಂದಿತು ಊರು. ಓನಿಸಿಫೋರ್ ಹಾಗೆನ್ನಲಿಲ್ಲ. ಒಮ್ಮೆ ಮಾತ್ರ ಇಲಾರಿಯೋನನ ಮುಂದೆ ಹೇಳಿದ್ದ: "ಹೆದರಿಕೆ ಅಂತ ಬಾಯಿಬಿಡೋಕೆ ನಾನು ಅವನಿಗೆ ಹೊತ್ತೇ ಕೊಡಲಿಲ್ಲ ಕಣೋ. ಹೆಜ್ಜೆ ತಪ್ಪಿದ್ದು ನಂದು."

* * *

ಪಾಂತೆಲಿಮೋನ್ ಹೊಲದ ಬೇಲಿಯಾಚೆ ಹಿಪ್ಪುನೇರಳೆ ಮರದ ಕೆಳಗೆ ಟೋಪಿ ತೆಗೆದು ನಿಂತಿದ್ದ. ಇಲಾರಿಯೋನ್ ಅತ್ತ ಹೊರಟಾಗ ಕೊಸ್ತಾಕೆಯ ತಾಯಿ ದಾರಿಗೆ ಅಡ್ಡ ಬಂದಳು.

"ಅವನನ್ನ ಸೇರಿಸ್ಬೇಡ. ಆ ಕಾಲು ನೋಡು. ಅವನ ಪಕ್ಕದಲ್ಲಿ ನನ್ನ ಮಗನ್ನ ನಿಲ್ಲಿಸ್ತೀಯಾ?"

"ಅಕ್ಕ, ಬೇರೆ ಯಾರಾದ್ರೂ ಇದ್ರೆ ಹೇಳು."

ಅವಳು ಸರಿದು ನಿಂತಳು. ಡ್ಯಾನ್ಯೂಬ್ ನದಿಯ ಕಡೆಯಿಂದ ತಾಮ್ರದ ಬಣ್ಣದ ಮೋಡ ಏಳುತ್ತಿತ್ತು. ಗಾಳಿ ಪೂರಾ ನಿಂತಿತ್ತು.

"ಬಾ," ಎಂದ ಇಲಾರಿಯೋನ್.

"ಬಾವುಟ ಇಳಿಸಿದ ಮೇಲೆ ಓಡ್ಬೇಕಲ್ಲಪ್ಪ," ಎಂದ ಪಾಂತೆಲಿಮೋನ್. "ನನಗೆ ಚೆನ್ನಾಗಿ ಬರ್ತಿದ್ದದ್ದು ಅದೊಂದೇ ವಿದ್ಯೆ. ಈಗ ಅದೂ ಇಲ್ಲ."

ಇಲಾರಿಯೋನ್ ನಗಲಿಲ್ಲ. ಬಾವುಟ ಇಳಿಸಿ ಹೂತೊಡನೆ ಒಬ್ಬೊಬ್ಬನೂ ಒಂದೊಂದು ದಿಕ್ಕಿಗೆ ಓಡಬೇಕು, ಹಿಂದಿರುಗಿ ನೋಡಬಾರದು. ಕಂಬದ ಬುಡದಲ್ಲಿ ಹಿಂದೆ ಉಳಿದವನನ್ನು ಏಳು ಜನರ ಆಣೆಯೂ ಹಿಡಿಯುತ್ತದೆ. ಯಾರು ಹಿಂದೆ ಉಳಿಯುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಇಲಾರಿಯೋನ್, ನನಗೆ ಹೆದರಿಕೆ ಆಗ್ತಿದೆ."

"ಹೇಳಿದೆಯಲ್ಲ. ಬಾ."

ಪಾಂತೆಲಿಮೋನ್ ಊರುಗೋಲು ಎತ್ತಿಕೊಂಡು ಬೇಲಿ ದಾಟಿದ. ಸಾಲಿನಲ್ಲಿ ಕೊಸ್ತಾಕೆ ತಾನಾಗಿಯೇ ಜರುಗಿ ಅವನಿಗೆ ಜಾಗ ಮಾಡಿಕೊಟ್ಟ.

ಏಳು ಜನ ಕಂಬವನ್ನು ಮಲಗಿಸಿದರು. ಬಟ್ಟೆಯನ್ನು ಹರಿದು, ಬೆಳ್ಳುಳ್ಳಿ, ಮಾಚಿಪತ್ರೆಯನ್ನು ಗುಂಡಿಗೆ ಹಾಕಿ ಮುಚ್ಚಿದರು. ಎವ್ದೋಕಿಯ ಚರ್ಚಿನೊಳಗೆ ಹೋಗಿ ಗಂಡನ ಕಾಲಿನ ಗೆಜ್ಜೆ ಬಿಚ್ಚಿ ಬಂದಳು. ಇಲಾರಿಯೋನ್ ಕೈ ತಟ್ಟಿದ.

ಆರು ಜನ ಚದುರಿ ಓಡಿದರು, ಜೋಳದ ಹೊಲಕ್ಕೆ, ಸೂರ್ಯಕಾಂತಿಯ ಕಡೆಗೆ, ನದಿಯ ದಾರಿಗೆ. ಅವರ ಬೆನ್ನ ಹಿಂದೆ ಊರುಗೋಲು ನೆಲಕ್ಕೆ ಬಿತ್ತು, ಆಮೇಲೆ ಎಳೆದ ಕಾಲಿನ ಸದ್ದು. ಮತ್ತೆ ಊರುಗೋಲು, ಮತ್ತೆ ಕಾಲು. ಚರ್ಚಿನೊಳಗೆ ಪಾದ್ರಿಗಳು "ಕರ್ತನೇ, ಕರುಣಿಸು" ಎಂಬುದನ್ನು ಉಸಿರು ತೀರುವ ತನಕ ಎಳೆಯುತ್ತಿದ್ದರು.

ಬೇಲಿಯ ಬಳಿ ನಿಂತ ಹೆಂಗಸರು ನೋಡಿದರು. ಮೊದಲು ಕೊಸ್ತಾಕೆಯ ಓಟ ನಿಧಾನವಾಯಿತು. ಅವನು ತಿರುಗಿ ನೋಡಲಿಲ್ಲ. ಬೆನ್ನ ಹಿಂದಿನ ಊರುಗೋಲಿನ ಸದ್ದಿಗೆ ಸರಿಯಾಗಿ, ಬೇಕೆಂದೇ ಒಂದು ಕಾಲನ್ನು ಊರಿ, ಇನ್ನೊಂದನ್ನು ಎಳೆಯತೊಡಗಿದ. ಅವನ ತಾಯಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಇಲಾರಿಯೋನ್, ಆಮೇಲೆ ಉಳಿದವರು. ತಾಮ್ರದ ಬೆಳಕಿನಲ್ಲಿ ಆರು ಬೆನ್ನುಗಳು ಆರು ದಿಕ್ಕಿಗೆ ಹೋಗುತ್ತಿದ್ದವು, ಒಬ್ಬನಿಗೊಬ್ಬ ಕಾಣದೆ, ಕುಂಟನ ಹೆಜ್ಜೆಗೆ ಹೆಜ್ಜೆ ಇಡುತ್ತ.