ಹುಣಸೆತೋಪಿಗೆ ಹೋದ ಹಾಲಿನ ಹಂಡೆ

ಪುರವರ ಹೋಬಳಿಯ ಒಂದು ಊರಿನಲ್ಲಿ ಹಾಲೂ ಇತ್ತು, ಹಸಿದ ಮಕ್ಕಳೂ ಇದ್ದರು. ಆದರೂ ದಿನಾ ಅರ್ಧ ಹಂಡೆ ಹಾಲು ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಗ್ರಾಮಸೇವಿಕೆ ಸರಸಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಅದು ೧೯೬೬ರ ಬೇಸಿಗೆ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಹೊರದೇಶದಿಂದ ಬಂದ ಹಾಲಿನ ಪುಡಿಯನ್ನು ಊರ ಚಾವಡಿಯಲ್ಲಿ, ಅಲ್ಲಿನ ಬಾವಿಯ ನೀರು ಕಾಯಿಸಿ ಕದಡಿ, ಆರು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಲೋಟ ಕೊಡುವುದು ಅವಳ ಕೆಲಸ. ಪಟ್ಟಿಯಲ್ಲಿ ನೂರಿಪ್ಪತ್ತು ಮಕ್ಕಳಿದ್ದರು. ಬರುತ್ತಿದ್ದವರು ಐವತ್ತೆಂಟು, ಅಷ್ಟೂ ಚಾವಡಿಬೀದಿಯವರು. ಕೆರೆಬೀದಿಯಿಂದ ಒಂದು ನರಪಿಳ್ಳೆಯೂ ಇಲ್ಲ. ಶನಿವಾರದೊಳಗೆ ಹಾಜರಿ ನೂರು ದಾಟದಿದ್ದರೆ ಕೇಂದ್ರವನ್ನು ಬೇರೆ ಊರಿಗೆ ಕೊಡುವುದಾಗಿ ಮೇಲಿನಿಂದ ಕಾಗದವೂ ಬಂದಿತ್ತು. ಅಂದು ಬುಧವಾರ.

ಸರಸಮ್ಮ ತಮಟೆ ಹೊಡೆಸಿದಳು. ಪುಡಿಯಲ್ಲಿ ದನದ ಮೂಳೆಯಿಲ್ಲ, ಕೊಬ್ಬಿಲ್ಲ ಎಂದು ಭಾಷಣ ಮಾಡಿದಳು. ಹಾಗೆಂದು ಯಾರೂ ಅನುಮಾನಪಟ್ಟಿರಲೇ ಇಲ್ಲ! ಕೊನೆಗೆ ಕೆರೆಬೀದಿಯ ಮಹಾಲಕ್ಷ್ಮಮ್ಮನ ಮನೆ ಜಗಲಿಗೇ ಹೋಗಿ ಕೂತಳು. ಆಕೆಯ ಮೂರು ವರ್ಷದ ಮಗಳ ಪಾದಗಳು ಊದಿಕೊಂಡಿದ್ದವು.

"ನೋಡಮ್ಮ, ಬೆರಳಲ್ಲಿ ಒತ್ತಿದರೆ ಗುಳಿ ಬೀಳ್ತದೆ. ಹೀಗೇ ಬಿಟ್ಟರೆ ಕೂಸು ಕೈಗೆ ಸಿಗಲ್ಲ."

"ನನಗೇನು ಕಣ್ಣು ಕಾಣಾಕಿಲ್ವಾ ಅಮ್ಮಾರೆ? ಚಾವಡಿ ಬಾವಿ ನೀರು ನಾವು ಮುಟ್ಟಾಕಿಲ್ಲ, ಅಷ್ಟೇಯ."

"ನೀರಲ್ಲಮ್ಮ, ಹಾಲು!"

"ನೀರಿಲ್ದೆ ಹಾಲು ಹೆಂಗಾಯ್ತದೆ? ಪುಡಿ ಮುಕ್ಕುಸ್ಲಾ?"

ಮರುದಿನ ಸರಸಮ್ಮ ಇನ್ನೊಂದು ತಪ್ಪು ಮಾಡಿದಳು. ಚಾವಡಿಬೀದಿಯವನೇ ಆದ ಪಂಚಾಯಿತಿ ಅಧ್ಯಕ್ಷ ಪರ್ವತಯ್ಯನ ಆಳುಗಳಿಂದಲೇ ಹಂಡೆ ಹೊರಿಸಿಕೊಂಡು ಕೆರೆಬೀದಿಗೆ ಬಂದಳು. ಬೀದಿಯುದ್ದಕ್ಕೂ ಬಾಗಿಲುಗಳು ದಡಾರ್ ಎಂದು ಮುಚ್ಚಿಕೊಂಡವು.

"ಸೊಕ್ಕು ಕಣಮ್ಮ, ಸೊಕ್ಕು," ಎಂದು ಹಿಂದೆಯೇ ಬಂದಿದ್ದ ಪರ್ವತಯ್ಯ ಮೀಸೆಯಲ್ಲೇ ನಕ್ಕ. "ಹೊಟ್ಟೆ ಇನ್ನೊಸಿ ಒಣಗ್ಲಿ, ಅವ್ರೇ ಬತ್ತಾರೆ."

ಬೀದಿಯ ಕೊನೆಯಲ್ಲಿ ಸೂಲಗಿತ್ತಿ ಅಮೀನಾಬಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಶಿರಾದಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾಗಿತ್ತು. ಎರಡೂ ಬೀದಿಯ ಮಕ್ಕಳು ಭೂಮಿಗೆ ಬಿದ್ದದ್ದು ಅವಳ ಕೈಗೇ.

"ಅರೆ ಬೇಟಿ, ಬಾ ಇಲ್ಲಿ. ನಿನ್ನ ಪಟ್ಟೀಲಿ ಕೂಸೆಷ್ಟು, ಪುಡಿ ಎಷ್ಟು, ಎಲ್ಲಾ ಐತೆ. ಯಾರು ಯಾರ ಕೂಟೆ ಮಾತು ಬುಟ್ಟವ್ರೆ ಅಂತ ಐತಾ?"

ಸರಸಮ್ಮ ಅವಳ ಪಕ್ಕ ಬಂದು ಕೂತಳು.

ಅಮೀನಾಬಿ ಬಿಡಿಸಿ ಹೇಳಿದಳು. ಹೋದ ವರ್ಷ ಕೆರೆಯ ತೂಬಿನ ಬೀಗ ಒಡೆದು ಚಾವಡಿಬೀದಿಯವರು ನೀರು ತಿರುಗಿಸಿಕೊಂಡಿದ್ದರು. ಹೊಡೆದಾಟವಾಗಿ ಕೆರೆಬೀದಿಯ ಇಬ್ಬರ ತಲೆ ಒಡೆದು, ಜಗಳ ಕೋರ್ಟು ಹತ್ತಿತ್ತು. ನ್ಯಾಯ ತೀರುವವರೆಗೆ ಚಾವಡಿ ಬಾವಿಯ ನೀರು ಕುಡಿಯುವುದಿಲ್ಲವೆಂದು ಕೆರೆಬೀದಿಯವರು ಕೊಲ್ಲಾಪುರದಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ದರು. ಆಣೆ ಮುರಿದರೆ ಅದು ತಟ್ಟುವುದು ಮಕ್ಕಳಿಗೆ ಎಂಬುದು ಅವರ ಭಯ.

"ಮೂಢನಂಬಿಕೆ!" ಎಂದಳು ಸರಸಮ್ಮ.

"ಇರ್ಲಿ. ಶನಿವಾರದೊಳಗೆ ಬುಡಿಸ್ತೀಯಾ?"

ಸರಸಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಮಡಚಿದಳು.

"ಆ ತಾಯಿ ಕೂಸು ಸಾಯ್ಲಿ ಅಂತ ಹಾಲು ಬ್ಯಾಡ ಅಂತಿಲ್ಲ. ಹಾಲು ಕುಡಿಸಿದ್ರೆ ಎಲ್ಲಿ ಸಾಯ್ತದೋ ಅಂತ ಹೆದರ್ತಾಳೆ. ನೀನು ನೋಡಿದ್ರೆ ಚಾವಡೀಲೇ ಒಲೆ ಹೂಡಿದೀಯ, ಪರ್ವತಯ್ಯನ ಸೊಸೆ ಕೈಗೇ ಸೌಟು ಕೊಟ್ಟಿದೀಯ. ಇವ್ರಿಗೆ ಅದು ಹೆಂಗೆ ಕಾಣ್ತದೆ ಹೇಳು?"

ಸರಸಮ್ಮನಿಗೆ ಸಿಟ್ಟು ಬಂತು. ಈ ಸಲ ತನ್ನ ಮೇಲೆಯೇ. ಸೌದೆ ಕೊಟ್ಟವನು, ಜಾಗ ಕೊಟ್ಟವನು ಪರ್ವತಯ್ಯ. ಅವನನ್ನೇ ಊರೆಂದುಕೊಂಡಿದ್ದಳು.

ಎರಡು ಬೀದಿಗಳ ನಡುವೆ ಹುಣಸೆತೋಪಿನಲ್ಲಿ ಮಧುಗಿರಿ ಸಂತೆಗೆ ಹೋಗುವ ಗಾಡಿಯವರ ಬಾವಿಯೊಂದಿತ್ತು. ಅದು ಯಾವ ಬೀದಿಯದೂ ಅಲ್ಲ. ಆ ನೀರಿನ ಮೇಲೆ ಆಣೆಯೂ ಇಲ್ಲ.

ಹಂಡೆಯನ್ನು ಅಲ್ಲಿಗೆ ಒಯ್ಯುವುದಾಗಿ ಸರಸಮ್ಮ ಹೇಳಿದಾಗ ಪರ್ವತಯ್ಯ ಎದ್ದು ನಿಂತ.

"ಸರ್ಕಾರದ ಸಾಮಾನು ಚಾವಡೀಲಿ ಇರದು ಬುಟ್ಟು ಮರದಡೀಲಾ? ನನ್ನ ಮರ್ವಾದೆ ಏನಾಗ್ಬೇಕು?"

"ನಾಡಿದ್ದು ಹಂಡೆ ಊರೇ ಬಿಡ್ತದೆ ಅಧ್ಯಕ್ಷರೆ. ಆಮೇಲೆ ನಿಮ್ಮ ಮೊಮ್ಮಗನಿಗೂ ಹಾಲಿಲ್ಲ. ಬೇಕಾದರೆ ಚಾವಡಿಗೆ ಬೀಗ ಹಾಕಿ ಮರ್ಯಾದೆ ಕಾಯ್ತಾ ಕೂತ್ಕೊಳ್ಳಿ."

ಪರ್ವತಯ್ಯ ಗೊಣಗಿಕೊಂಡೇ ಗಾಡಿ ಕೊಟ್ಟ.

ಅಮೀನಾಬಿ ಕೆರೆಬೀದಿಯ ಮನೆಮನೆಗೂ ಸುದ್ದಿ ಮುಟ್ಟಿಸಿದಳು. ಶುಕ್ರವಾರ ತೋಪಿನಲ್ಲಿ ಒಲೆ ಉರಿಯಿತು. ಪುಡಿಯ ಡಬ್ಬವನ್ನು ಎಲ್ಲರೆದುರು ಒಡೆದರು. ಹಾಲು ಕದಡಲು ಬೀದಿಗೊಬ್ಬಳಂತೆ ಇಬ್ಬರು ಹೆಂಗಸರು. ಇನ್ನೇನು ಲೋಟ ತುಂಬಬೇಕು, ಮೊದಲ ಲೋಟ ಯಾವ ಬೀದಿಗೆ ಎಂದು ತಗಾದೆ ಎದ್ದಿತು!

"ಅಯ್ಯೋ ನನ್ನ ಕರ್ಮವೇ!" ಎಂದು ಸರಸಮ್ಮ ಸೌಟನ್ನು ಹಂಡೆಗೆ ಬಡಿದಳು. "ಬೀದಿ ಲೆಕ್ಕ ಇಲ್ಲ. ಚಿಕ್ಕ ಮಗುವಿಗೆ ಮೊದಲು."

ಯಾರ ಮಗು ಚಿಕ್ಕದು ಎಂಬುದಕ್ಕೆ ಅಮೀನಾಬಿಯ ಮಾತೇ ಕಡೆ. ಹುಟ್ಟಿದ ತಿಂಗಳು, ಅಂದಿನ ಮಳೆ, ಎಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಅವಳೊಡನೆ ವಾದಿಸುವವರು ಯಾರು?

ಮಹಾಲಕ್ಷ್ಮಮ್ಮ ಬಾವಿಯ ಹತ್ತಿರವೇ ನಿಂತು, ನೀರು ಸೇದುವುದನ್ನು ಕಣ್ಣಾರೆ ನೋಡಿದಳು. ಆಮೇಲೆ ಮಗಳನ್ನು ಕಂಕುಳಿನಿಂದಿಳಿಸಿ ಲೋಟ ಹಿಡಿದಳು. ಮಗು ಗಟಗಟನೆ ಕುಡಿದು, ತಳದಲ್ಲುಳಿದ ಗಷ್ಟವನ್ನೂ ಬೆರಳಲ್ಲಿ ಬಳಿಯಿತು.

"ನಾಳೀಕೂ ಇಲ್ಲೇಯಾ ಅಮ್ಮಾರೆ?"

"ನಾಳೆಗೂ ಇಲ್ಲೇ."

ಶನಿವಾರದ ಹಾಜರಿ ನೂರಾ ಹನ್ನೊಂದು. ತೂಬಿನ ಜಗಳ ಇನ್ನೂ ಕೋರ್ಟಿನಲ್ಲೇ ಇದೆ. ಅದು ತೀರಲಿ ಎಂದು ಮಕ್ಕಳ ಹೊಟ್ಟೆ ಕಾಯಬೇಕಾಗಿಲ್ಲ.

ಹಾಲು, ಗೋಧಿ, ಬಟ್ಟೆ ಹಂಚಲು ಹಳ್ಳಿಗೆ ಹೋಗುವವರೇ, ತಲೆ ಎಣಿಸುವ ಮುಂಚೆ ನಾಲ್ಕು ಮನೆಯ ಜಗಲಿ ಹತ್ತಿ. ಜಾಗ ಕೊಟ್ಟವನೊಬ್ಬನನ್ನೇ ಕೇಳಿ ಬರಬೇಡಿ. ಬಾಗಿಲು ಮುಚ್ಚಿಕೊಂಡವರನ್ನೂ ಕೇಳಿ. ಹಳ್ಳಿಯ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರಿನ ಮನಸ್ತಾಪ, ನಡವಳಿಕೆ ಬಂದವರಿಗೆ ಗೊತ್ತಿರುವುದಿಲ್ಲ. ಬಾಗಿಲು ಮುಚ್ಚಬೇಡಿ. ಕೂರಿಸಿ, ಬಾಯಿಬಿಟ್ಟು ಹೇಳಿ. ದೊಡ್ಡವರ ಜಗಳಕ್ಕೆ ಮಕ್ಕಳು ಉಪವಾಸ ಬೀಳದಿರಲಿ.