ತೂಕದಕ್ಕ ಕೂಗಿದ್ದು

ರಜಕ್ಕೆ ಬಂದವರನ್ನು ಬಟ್ಟೆಯ ರೆಕ್ಕೆಗೆ ಕಟ್ಟಿ, ಹಿಂದೊಬ್ಬ ಪೈಲಟ್‌ನನ್ನು ಕೂರಿಸಿ, ಗುಡ್ಡದ ಅಂಚಿನಿಂದ ಗಾಳಿಗೆ ಬಿಡುವ ಆ ಜಾಗದಲ್ಲಿ ಅವಳದು ಒಂದೇ ಕೆಲಸ. ಬಂದವರನ್ನು ತೂಗುವುದು. ಎಲ್ಲರ ಬಾಯಲ್ಲೂ ಅವಳು ತೂಕದಕ್ಕ. ತಗಡಿನ ಶೆಡ್ಡಿನ ಬಾಗಿಲಲ್ಲಿ ಮೆಷಿನ್ನು ಇತ್ತು, ಅದರ ಅಂಕಿ ಅವಳಿಗೊಬ್ಬಳಿಗೇ ಕಾಣುವಂತೆ ತಿರುಗಿಸಿಟ್ಟಿದ್ದರು. ಕಂಡದ್ದನ್ನು ಅವಳು ಮೇಲೆ ನಿಂತ ಪೈಲಟ್‌ಗಳಿಗೆ ಕೂಗಿ ಹೇಳಬೇಕು. ಅವರು ಅದನ್ನು ಕೇಳಿ, ಗಾಳಿ ನೋಡಿ, ಈ ಮನುಷ್ಯ ಈಗಲೇ ಹಾರಬಹುದೋ ಕಾಯಬೇಕೋ ಎಂದು ತೀರ್ಮಾನಿಸುತ್ತಿದ್ದರು. ಮಧ್ಯಾಹ್ನ ಗಾಳಿ ಬಿದ್ದಾಗ ತೊಂಬತ್ತು ಕೆಜಿ ದಾಟಿದವರು ಸಂಜೆಯವರೆಗೆ ಬೆಂಚಿನ ಮೇಲೆ ಕೂತಿರಬೇಕು. ಅದು ಅಲ್ಲಿನ ಕಟ್ಟುನಿಟ್ಟು.

ಆ ಮೆಷಿನ್ನು ಹತ್ತಿದಾಗ ಮನುಷ್ಯರು ಎಷ್ಟು ಸಣ್ಣವರಾಗಿಬಿಡುತ್ತಾರೆ ಎಂಬುದನ್ನು ಅವಳಷ್ಟು ಕಂಡವರಿಲ್ಲ. ಬೂಟು ಬಿಚ್ಚುವವರು, ಜೇಬಿನ ಚಿಲ್ಲರೆ ತೆಗೆದಿಡುವವರು, ಕನ್ನಡಕವನ್ನು ಹೆಂಡತಿಯ ಕೈಗೆ ಕೊಡುವವರು. ಉಸಿರು ಬಿಗಿಹಿಡಿದರೆ ತೂಕ ಇಳಿಯುತ್ತದೆಂದು ನಂಬಿದ ದೊಡ್ಡ ದೊಡ್ಡ ಆಫೀಸರುಗಳೂ ಇದ್ದರು. ಅವರನ್ನು ನೋಡಿ ಅವಳು ಒಳಗೊಳಗೇ ನಗುತ್ತಿದ್ದಳು. ಹೆಂಗಸರು ಬಂದಾಗ ಮಾತ್ರ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ಡುಮ್ಮಿ ಎನಿಸಿಕೊಂಡೇ ಬೆಳೆದವಳು ಅವಳು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿ ಕಾಯುತ್ತಿರುವಾಗ ಯಾವಳಾದರೂ ತಲೆ ತಗ್ಗಿಸಿದರೆ ಇವಳಿಗೆ ಕರುಳು ಚುರ್ ಎನ್ನುತ್ತಿತ್ತು. ಅಂಥವರಿಗೆ ಎರಡೋ ಮೂರೋ ಕೆಜಿ ಇಳಿಸಿ ಕೂಗುವುದು ರೂಢಿಯಾಯಿತು. ಅಷ್ಟಕ್ಕೆಲ್ಲ ಆಕಾಶ ಕಳಚಿ ಬೀಳುವುದಿಲ್ಲ ಎಂದುಕೊಂಡಿದ್ದಳು.

ಅಲ್ಲಿನ ಹಿರಿಯ ಪೈಲಟ್ ಅವಳ ಸ್ವಂತ ಅಣ್ಣ. ಗಂಡ ತೀರಿಕೊಂಡ ಮೇಲೆ ಕರೆತಂದು ಈ ಕೆಲಸಕ್ಕೆ ಹಚ್ಚಿದವನೂ ಅವನೇ. ಬೇರೆ ಪೈಲಟ್‌ಗಳು ಅವಳು ಕೂಗಿದ ಮೇಲೂ ಗಿರಾಕಿಯನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು ನೋಡುತ್ತಿದ್ದರು. ಅವನು ನೋಡುತ್ತಿರಲಿಲ್ಲ. "ನನ್ ತಂಗಿ ಹೇಳಿದ ಮೇಲೆ ಮುಗೀತು" ಎಂದು ಬೆಲ್ಟು ಬಿಗಿಯಲು ಶುರುಮಾಡುತ್ತಿದ್ದ.

ಆ ಮಧ್ಯಾಹ್ನ ಗಾಳಿ ಸತ್ತೇ ಹೋದಂತಿತ್ತು. ಗಂಡ ಮತ್ತು ಅವನ ಗೆಳೆಯರ ಜೊತೆ ಒಬ್ಬ ಹೆಂಗಸು ಬಂದಳು. ಮೈತುಂಬ ದೊಗಳೆ ಜಾಕೆಟ್ಟು, ಎರಡೂ ಹೆಗಲಿಗೆ ಎಲ್ಲರ ಚೀಲಗಳು. ಅವಳು ಚೀಲ ಇಳಿಸಿ ಮೆಷಿನ್ನಿನ ಕಡೆ ಹೆಜ್ಜೆ ಇಟ್ಟದ್ದೇ ತಡ, ಗಂಡ ಎಲ್ಲರಿಗೂ ಕೇಳುವಂತೆ, "ನಿಂಗೆ ರೆಕ್ಕೆ ಸಾಲಲ್ಲ ಕಣೆ, ಕ್ರೇನ್ ತರಿಸ್ಬೇಕು. ನಾವು ಹಾರ್ಕೊಂಡು ಬರ್ತೀವಿ, ಚೀಲ ಕಾಯ್ತಾ ಕೂತ್ಕೋ" ಎಂದ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕಳು. ಅದನ್ನೇ ತೂಕದಕ್ಕನಿಗೆ ತಡೆಯಲಾಗಲಿಲ್ಲ.

ಮೆಷಿನ್ನು ನೂರಾ ಮೂರು ತೋರಿಸಿತು. ನಿಜ ಕೂಗಿದರೆ ಆಕೆ ಸಂಜೆಯ ಗಾಳಿಗೆ ಕಾಯಬೇಕು. ಅವರ ಬಸ್ಸು ಸಂಜೆಗೆ ಮುಂಚೆಯೇ ಹೊರಡುವುದಿತ್ತು. ತೂಕದಕ್ಕ ಆ ಗಂಡನ ಮುಖವನ್ನೇ ನೋಡುತ್ತ ಗಂಟಲೆತ್ತಿ ಕೂಗಿದಳು: "ಎಂಬತ್ತೆಂಟು."

ಹೆಂಗಸಿನ ಕಣ್ಣು ತುಂಬಿ ಬಂತು. ಮೆಷಿನ್ನು ಇಳಿಯುವಾಗ ಇವಳ ಕೈಯನ್ನೊಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಆ ಕ್ಷಣ ತೂಕದಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೇಲೆ ಅಣ್ಣ ಬೆಲ್ಟು ಬಿಗಿದ. ರೆಕ್ಕೆ ಎದ್ದಿತು. ಇಬ್ಬರೂ ಓಡಿದರು, ಅಂಚು ದಾಟಿದರು, ಮೇಲೇರಲಿಲ್ಲ. ಕೆಳಗಿನ ಬಂಡೆಗಳಿಗೆ ಹೋಗಿ ಬಡಿದರು. ಮುಂದೆ ಕೂತಿದ್ದ ಹೆಂಗಸು ಅಲ್ಲೇ ಸತ್ತಳು. ಅಣ್ಣನ ಬೆನ್ನುಮೂಳೆ ಮುರಿದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು.

ಕಂಪನಿಯ ಮಾಲೀಕ ಕೈ ತೊಳೆದುಕೊಳ್ಳಲು ತಡಮಾಡಲಿಲ್ಲ. ಪೈಲಟ್‌ಗೆ ವಯಸ್ಸಾಗಿತ್ತು, ಓಡುವಾಗ ಕಾಲು ಸೋತಿತು ಎಂದು ಎಲ್ಲರಿಗೂ ಹೇಳಿಕೊಂಡು ಬಂದ. ಅಣ್ಣ ಎದುರು ಮಾತಾಡಲಿಲ್ಲ. ಕೇಳಿದವರಿಗೆಲ್ಲ ತಾನೂ ಅದನ್ನೇ ಹೇಳಿದ. ತೂಕದಕ್ಕ ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಬಾಯಿಗೆ ಬೀಗ ಹಾಕಿಕೊಂಡು ಗಂಜಿ ಕುಡಿಸಿದಳು. ಹೇಡಿತನಕ್ಕೆ ಬೇರೆ ಹೆಸರಿಡುವುದು ಬೇಡ. ಅವಳಿಗೆ ಹೆದರಿಕೆಯಾಗಿತ್ತು, ಅಷ್ಟೆ.

ಅವನು ಮನೆಗೆ ಬಂದ. ವಿಚಾರಣೆಯವರು ನಾಳೆ ಬೆಳಿಗ್ಗೆ ಬರುತ್ತಾರೆಂದು ಸುದ್ದಿ ಬಂತು. ನಾಳೆ ಅವನು ತನ್ನ ಬಾಯಿಂದಲೇ ಕೊಲೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಅವಳು ಶೆಡ್ಡಿಗೆ ಬೀಗ ಹಾಕಿ ನೇರ ಅವನ ಮನೆಯ ಮೆಟ್ಟಿಲು ಹತ್ತಿದಳು.

ಮಂಚವನ್ನು ನಡುಮನೆಗೆ ತಂದು ಹಾಕಿದ್ದರು. ಕಿಟಕಿಯಿಂದ ಗುಡ್ಡವೂ ಅಲ್ಲಿ ಹಾರುವ ರೆಕ್ಕೆಗಳೂ ಕಾಣುತ್ತಿದ್ದುದರಿಂದ ಅತ್ತಿಗೆ ಅದಕ್ಕೆ ಹಳೆಯ ದುಪ್ಪಟಿ ಕಟ್ಟಿದ್ದಳು. ಅಡುಗೆಮನೆಯ ಬಾಗಿಲಲ್ಲೇ ನಾದಿನಿಯನ್ನು ತಡೆದು ಪಿಸುಗುಟ್ಟಿದಳು:

"ನಿದ್ದೇನೇ ಮಾಡಲ್ಲ ಕಣೆ. ಆ ಹೆಂಗಸಿನ ಹತ್ರ ಮಾತಾಡ್ತಾರೆ. ತಪ್ಪಾಯ್ತು ತಾಯಿ, ತಪ್ಪಾಯ್ತು ಅಂತಾರೆ. ನೀನಾದ್ರೂ ಸ್ವಲ್ಪ ಧೈರ್ಯ ಹೇಳು. ನಿನ್ ಮಾತು ಅಂದ್ರೆ ಅವರಿಗೆ ನಂಬಿಕೆ."

ತೂಕದಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅಣ್ಣನ ಮುಖದಲ್ಲಿ ಮೂಳೆಯೇ ಉಳಿದಿತ್ತು.

"ಮಾಲೀಕ ಹೇಳೋದು ಸರೀನೇ" ಎಂದ ಅವನೇ ಮೊದಲು. "ಕಾಲು ಸೋತೋಯ್ತು. ಗೊತ್ತಾಗಿದ್ರೆ ಹೋದ ವರ್ಷವೇ ಬಿಟ್ಟುಬಿಡ್ತಿದ್ದೆ. ನನ್ ಜಂಬಕ್ಕೆ ಒಂದು ಜೀವ ಹೋಯ್ತು."

"ಅಣ್ಣ, ಆಯಮ್ಮ ಎಂಬತ್ತೆಂಟು ಇರ್ಲಿಲ್ಲ."

ಅವನು ತಿರುಗಿ ನೋಡಿದ.

"ನೂರಾ ಮೂರು ಇದ್ಲು. ಗಂಡ ಎಲ್ಲರ ಮುಂದೆ ಆಡ್ಕೊಂಡು ನಗ್ತಿದ್ದ. ನಂಗೆ ನೋಡಕ್ಕಾಗ್ಲಿಲ್ಲ, ಇಳಿಸಿ ಕೂಗ್ಬಿಟ್ಟೆ."

ಒಳಗೆ ಅತ್ತಿಗೆಯ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಅಣ್ಣ ಬಯ್ಯಲಿಲ್ಲ. ಬಯ್ದಿದ್ದರೆ ಅವಳು ಅವನ ಕಾಲು ಹಿಡಿದು ಅತ್ತುಬಿಡುತ್ತಿದ್ದಳು.

"ಮೊದಲ ಹೆಜ್ಜೆಗೇ ಕಾಲಿಗೆ ಗೊತ್ತಾಯ್ತು" ಎಂದ. "ಭಾರ ಜಾಸ್ತಿ ಇದೆ, ಕೂತ್ಕೋ, ಕೂತ್ಕೋ ಅಂತು. ಅಂಚು ಇನ್ನೂ ದೂರ ಇತ್ತು. ಅಲ್ಲೇ ಕುಸಿದು ಕೂತಿದ್ರೆ ಮಂಡಿ ತರಚ್ತಿತ್ತು ಅಷ್ಟೇ, ಇಬ್ರೂ ಉಳೀತಿದ್ವಿ. ಆದ್ರೆ ತಂಗಿ ಎಂಬತ್ತೆಂಟು ಅಂದಿದಾಳಲ್ಲ ಅಂದ್ಕೊಂಡೆ. ಕಾಲಿಗೆ ವಯಸ್ಸಾಯ್ತು, ಸುಳ್ಳು ಹೇಳ್ತಿದೆ ಅಂದ್ಕೊಂಡೆ. ಹಲ್ಲು ಕಚ್ಚಿ ಓಡ್ದೆ."

ಅವನು ಹೊದಿಕೆ ಸರಿಸಿ ತನ್ನ ತೊಡೆಯ ಮೇಲೆ ಕೈ ಇಟ್ಟ, ಒತ್ತಿದ, ಉಗುರಿನಿಂದ ಚಿವುಟಿದ. ಕಾಲು ಅಲುಗಲಿಲ್ಲ.

"ಹಾಗಾದ್ರೆ ಇವು ಸರಿಯಾಗೇ ಇದ್ವು" ಎಂದ. "ನಾಳೆ ಬರೋರ ಮುಂದೆ ಇದನ್ನೇ ಹೇಳು, ಒಂದಕ್ಷರ ಬಿಡಬೇಡ. ಆಮೇಲೆ ಈ ಮನೆಗೆ ಬರ್ಬೇಡ."

ಅವಳು ಎದ್ದಳು. ಯಾವಾಗಲೂ ಬಾಗಿಲವರೆಗೆ ಬಂದು ಕಳಿಸುತ್ತಿದ್ದ ಅತ್ತಿಗೆ ಅಂದು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.